ಗೆನ್ಸರ್, ಗರ್ನ್ಸಿ, ಗಂಜಿಫ್ರಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಶಿರಸಿ ಕಡೆ. ಈಗ ಇರುವುದು ನಾರ್ವೆಯ ಬರ್ಗೆನ್‌ನಲ್ಲಿ. ಮಳೆ ವಿಷಯದಲ್ಲಿ ಎರಡೂ ಊರು ಒಂದೇ, ಚಳಿ ಮಾತ್ರ ಬೇರೆ. ಇಲ್ಲಿಗೆ ಬಂದ ಮೊದಲ ವಾರವೇ ಕಲಿತ ಪದ ‘ಗೆನ್ಸರ್’. ಅದರ ಮೂಲ ಹುಡುಕುತ್ತಾ ಹೋದವನು ಕೊನೆಗೆ ಬಂದು ನಿಂತಿದ್ದು ನಮ್ಮಜ್ಜನ ಗಂಜಿಫ್ರಾಕಿನ, ಅಂದರೆ ಬನಿಯನ್ನಿನ, ಎದುರು. ಆವತ್ತಿಂದ ಸಿಕ್ಕವರಿಗೆಲ್ಲ ಈ ಕತೆ ಹೇಳುತ್ತಲೇ ಇದ್ದೇನೆ. ಕೇಳಿದವರು ತಿರುಗಿ ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಗೆನ್ಸರ್ ಅಂದರೆ ಏನು?

ಸ್ವೆಟರ್. ಮುಂದೆ ಗುಂಡಿ ಇಲ್ಲದ, ತಲೆ ಮೇಲಿಂದ ಹಾಕಿಕೊಳ್ಳುವ, ಸಾಮಾನ್ಯವಾಗಿ ಉಣ್ಣೆಯಲ್ಲಿ ಹೆಣೆದ ಉಡುಪು. ಈಗ ಅರ್ಥ ಸ್ವಲ್ಪ ಹಿಗ್ಗಿದೆ. ನಾವು ಹುಡಿ ಅನ್ನುವುದಕ್ಕೆ ಇಲ್ಲಿ ‘ಹೆತ್ತೆಗೆನ್ಸರ್’ ಅನ್ನುತ್ತಾರೆ. ಹೆತ್ತೆ ಅಂದರೆ ತಲೆ ಮೇಲಿನ ಟೋಪಿ ಭಾಗ, ಕೊಪ್ಪೆ ಅಂದುಕೊಳ್ಳಿ. ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುವ ಫ್ಲೀಸ್ ಬಟ್ಟೆಯದೂ ಗೆನ್ಸರೇ.

ಹೇಳೋದು ಜೆನ್ಸರ್ ಅಂತಲೋ, ಗೆನ್ಸರ್ ಅಂತಲೋ?

ಗೆನ್ಸರ್. ಗೆಣಸಿನ ‘ಗೆ’. ನಾರ್ವೆ ಭಾಷೆಯಲ್ಲಿ ‘ಜ’ ಅನ್ನುವ ಸದ್ದೇ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಪದ ನಾರ್ವೆಗೆ ಬಂದಿದ್ದು ಎಲ್ಲಿಂದ?

ಇಂಗ್ಲಿಷಿನಿಂದ. ಇಂಗ್ಲಿಷಿಗೆ ಬಂದಿದ್ದು ಒಂದು ದ್ವೀಪದ ಹೆಸರಿನಿಂದ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಲ್ಲಿ, ಫ್ರಾನ್ಸಿನ ತೀರಕ್ಕೇ ಹತ್ತಿರವಾಗಿ, ಗರ್ನ್ಸಿ ಅನ್ನುವ ದ್ವೀಪವಿದೆ. ಸುಮಾರು 65 ಚದರ ಕಿಲೋಮೀಟರ್ ಅಷ್ಟೇ, ಬೆಂಗಳೂರಿನ ಹತ್ತನೇ ಒಂದು ಭಾಗಕ್ಕೂ ಕಮ್ಮಿ. ಅಲ್ಲಿನ ಮೀನುಗಾರರು ಹಾಕುತ್ತಿದ್ದ ದಪ್ಪ ಉಣ್ಣೆ ಅಂಗಿಗೆ ಇಂಗ್ಲಿಷರು ದ್ವೀಪದ ಹೆಸರನ್ನೇ ಇಟ್ಟರು. ನಾವು ಇಳಕಲ್ ಅಂದರೆ ಸೀರೆ, ಮೊಳಕಾಲ್ಮುರು ಅಂದರೆ ಸೀರೆ ಅನ್ನುವುದಿಲ್ವಾ, ಹಾಗೆ. ಇಂಗ್ಲಿಷ್ ಹಡಗಿನವರ ಬಾಯಲ್ಲಿ ಪದ ಬಂದರುಗಳನ್ನು ಸುತ್ತಿತು. ನಾರ್ವೆಯವರ ಕಿವಿಗೆ ಬಿದ್ದು ಗೆನ್ಸರ್ ಆಯಿತು.

ಮೊದಲು ನನಗೂ ನಂಬಿಕೆ ಬರಲಿಲ್ಲ. ನಾರ್ವೆ ಅಂದ ಕೂಡಲೇ ಕಣ್ಣಿಗೆ ಕಟ್ಟುವ ಉಡುಪಿಗೆ ಸ್ವಂತ ಹೆಸರೂ ಇಲ್ವಾ ಅನ್ನಿಸಿತ್ತು. ಆದರೆ ಇಲ್ಲಿನ ನಿಘಂಟು ತೆಗೆದರೆ ಗೆನ್ಸರ್ ಪಕ್ಕದಲ್ಲೇ ಆ ದ್ವೀಪದ ಹೆಸರಿದೆ.

ಸ್ವೆಟರ್‌ಗೆ ಹೆಸರಾಗುವಷ್ಟು ಆ ದ್ವೀಪದಲ್ಲಿ ಏನಿತ್ತು?

ಹೆಣಿಗೆಯ ಹುಚ್ಚು. ಗರ್ನ್ಸಿ ಮತ್ತು ಪಕ್ಕದ ಜೆರ್ಸಿ, ಎರಡು ದ್ವೀಪದವರೂ ಇಂಗ್ಲೆಂಡಿನಿಂದ ಉಣ್ಣೆ ತರಿಸಿ, ಕಾಲುಚೀಲ, ಅಂಗಿ ಹೆಣೆದು, ಹೊರದೇಶಕ್ಕೆ ಮಾರುತ್ತಿದ್ದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ಕೈಯಲ್ಲೂ ಕಡ್ಡಿ. ಕಡೆಗೆ ಹೊಲದ ಕೆಲಸಕ್ಕೆ ಆಳು ಸಿಗದ ಹಾಗಾಯಿತು. ಸುಗ್ಗಿಯಲ್ಲಿ ಮತ್ತು ಗೊಬ್ಬರಕ್ಕಾಗಿ ಕಡಲಪಾಚಿ ಒಟ್ಟುವ ಕಾಲದಲ್ಲಿ ಹದಿನೈದು ವರ್ಷ ದಾಟಿದವರು ಹೆಣೆಯಬಾರದು ಅಂತ ಜೆರ್ಸಿಯಲ್ಲಿ 1608ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಸ್ವೆಟರ್ ಹೆಣೆದರೆ ಶಿಕ್ಷೆ! ಅಡಿಕೆ ಕೊಯ್ಲಿನಲ್ಲಿ ಆಳು ಸಿಗದೆ ಒದ್ದಾಡುವ ನಮ್ಮೂರಿನವರಿಗೆ ಆ ಕಾಯ್ದೆ ಮಾಡಿದವರ ಸಂಕಟ ಅರ್ಥವಾದೀತು.

ಇನ್ನು ಅಂಗಿ. ಒಂದು ಗರ್ನ್ಸಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಮೊದಲು ತಿಳಿಯುವುದು ಅದರ ಬಿಗಿ. ನೂಲನ್ನು ಚೆನ್ನಾಗಿ ಹುರಿಗೊಳಿಸಿ, ಸಣ್ಣ ಕಡ್ಡಿಯಲ್ಲಿ ಒತ್ತೊತ್ತಾಗಿ ಹೆಣೆದಿರುತ್ತಾರೆ. ಗಾಳಿ ಸುಲಭಕ್ಕೆ ತೂರದು, ಸೋನೆ ಮಳೆ ಮೇಲಿಂದಲೇ ಜಾರಿ ಹೋಗುತ್ತದೆ. ಬಣ್ಣ ಸಾಮಾನ್ಯವಾಗಿ ಕಡುನೀಲಿ. ಮೈಭಾಗವನ್ನು ಸುತ್ತಲೂ ಕೊಳವೆಯ ಹಾಗೆ ಹೆಣೆಯುವುದರಿಂದ ಪಕ್ಕದಲ್ಲಿ ಹೊಲಿಗೆ ಇಲ್ಲ. ಕಂಕುಳಲ್ಲಿ ಚೌಕದ ತುಂಡೊಂದು ಸೇರಿರುತ್ತದೆ. ಬಲೆ ಎಳೆಯಲು ಕೈ ಎತ್ತಿದಾಗ ಅಂಗಿ ಹಿಡಿಯಬಾರದಲ್ಲ, ಅದಕ್ಕೆ. ಕೆಳ ಅಂಚಿನಲ್ಲಿ ಎರಡೂ ಪಕ್ಕ ಸೀಳು.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಅದಕ್ಕೆ ಹಿಂದು ಮುಂದು ಇಲ್ಲ. ಎರಡೂ ಕಡೆ ಒಂದೇ ಥರ. ಕತ್ತಲಲ್ಲಿ ಎದ್ದು ದೋಣಿಗೆ ಓಡುವವನು ಹೇಗೆ ಹಾಕಿಕೊಂಡರೂ ಸರಿ. ಮೊಣಕೈ ಸವೆದರೆ ತಿರುಗಿಸಿ ಹಾಕಿಕೊಂಡರಾಯಿತು, ಸವೆದ ಜಾಗ ಮುಂದೆ ಹೋಗುತ್ತದೆ.

ಗರ್ನ್ಸಿ ಅನ್ನೋ ಹೆಸರಿಗೆ ಅರ್ಥ ಇದೆಯಾ?

ಇದೆ, ಕತೆ ರಂಗೇರುವುದೇ ಇಲ್ಲಿ. ಹೆಸರಿನ ಮೊದಲ ಅರ್ಧಕ್ಕೆ ಪಂಡಿತರಲ್ಲಿ ಜಗಳವಿದೆ. ಕೊನೆಯ ‘ಇ’ ಸದ್ದಿನ ಬಗ್ಗೆ ಇಲ್ಲ. ಅದು ಹಳೆಯ ನಾರ್ಸ್ ಭಾಷೆಯ ‘ಏಯ್’. ಅಂದರೆ ದ್ವೀಪ. ನಾರ್ಸ್ ಅಂದರೆ ವೈಕಿಂಗರ ಭಾಷೆ, ಇವತ್ತಿನ ನಾರ್ವೆ ನುಡಿಯ ಅಜ್ಜಿ. ಅದೇ ಪದ ಈಗ ನಾರ್ವೆಯಲ್ಲಿ ‘ಓಯ್’ ಆಗಿದೆ. ಇಲ್ಲಿನ ನಕ್ಷೆಯಲ್ಲಿ ಹಿನ್ನೋಯ, ಆಂದೋಯ ಅಂತ ಎಲ್ಲೆಲ್ಲೂ ಅದೇ ಕಾಣುತ್ತದೆ.

ಫ್ರಾನ್ಸಿನ ಮಗ್ಗುಲಿಗೆ ವೈಕಿಂಗರ ಪದ ಹೋಗಿದ್ದು ದಾಳಿಗಾರರ ಜೊತೆ. 911ರಲ್ಲಿ ಫ್ರಾನ್ಸಿನ ದೊರೆ, ಕಾಟ ತಾಳಲಾರದೆ, ರೋಲೋ ಅನ್ನುವ ವೈಕಿಂಗ್ ನಾಯಕನಿಗೆ ಸೇನ್ ನದಿಯ ಬಾಯಿಯ ನೆಲವನ್ನು ಬಿಟ್ಟುಕೊಟ್ಟ. ಉತ್ತರದವರು ನೆಲೆಸಿದ್ದರಿಂದ ಅದು ನಾರ್ಮಂಡಿ ಆಯಿತು. 933ರಲ್ಲಿ ರೋಲೋನ ಮಗ ಈ ದ್ವೀಪಗಳನ್ನೂ ಸೇರಿಸಿಕೊಂಡ. 1066ರಲ್ಲಿ ಅದೇ ವಂಶದ ವಿಲಿಯಂ ಇಂಗ್ಲೆಂಡನ್ನೇ ಗೆದ್ದ. 1204ರಲ್ಲಿ ಇಂಗ್ಲೆಂಡಿನ ದೊರೆ ನಾರ್ಮಂಡಿಯನ್ನು ಕಳೆದುಕೊಂಡರೂ ದ್ವೀಪಗಳು ಅವನ ಕೈಯಲ್ಲೇ ಉಳಿದವು. ಹಾಗಾಗಿ ಇವತ್ತಿಗೂ ಗರ್ನ್ಸಿ ಬ್ರಿಟಿಷ್ ದೊರೆಯದು, ಊರಿನ ಹೆಸರುಗಳು ಮಾತ್ರ ಫ್ರೆಂಚ್, ಬಾಲದಲ್ಲಿ ನಾರ್ಸ್.

ಈ ಬಾಲ ಇನ್ನೂ ಎಲ್ಲೆಲ್ಲೋ ಇದೆ. ಜೆರ್ಸಿಯಲ್ಲಿ ಇದೆ. ವೇಲ್ಸ್‌ನ ಆಂಗಲ್ಸಿಯಲ್ಲಿ ಇದೆ. ಕಡಲಹಕ್ಕಿಗಳ ಲಂಡಿ ದ್ವೀಪದಲ್ಲೂ ಇದೆ. ಸ್ಕ್ಯಾಂಡಿನೇವಿಯಾ ಅನ್ನುವ ಹೆಸರಿನ ಕೊನೆಯಲ್ಲಿರುವುದೂ ಈ ಬೇರಿನ ಇನ್ನೊಂದು ಚಿಗುರೇ.

ಹಾಗಾದ್ರೆ ನಾರ್ವೆಯವರು ತಮ್ಮದೇ ಪದವನ್ನು ವಾಪಸ್ ತಗೊಂಡ ಹಾಗಾಯ್ತು?

ಹಾಗೆ ಹೇಳಬೇಕು ಅಂತ ನನಗೂ ಆಸೆ. ಆದರೆ ಪೂರ್ತಿ ನಿಜವಲ್ಲ. ಸ್ವೆಟರ್ ಅನ್ನುವ ಅರ್ಥ ಅವರು ಕೊಟ್ಟಿದ್ದಲ್ಲ. ಅವರ ಹಿರಿಯರು ಬಿಟ್ಟು ಬಂದಿದ್ದು ದ್ವೀಪ ಅನ್ನುವ ತುಣುಕು.

ತಮಾಷೆ ಏನೆಂದರೆ, ಪದ ಸಾವಿರ ವರ್ಷ ಸುತ್ತಿ ಮನೆ ಬಾಗಿಲಿಗೆ ಬಂದಾಗ ನಾರ್ವೆಯವರು ಅದೇ ತುಣುಕನ್ನು ಕತ್ತರಿಸಿ ಹಾಕಿದರು! ಗರ್ನ್ಸಿಯ ಕೊನೆಯ ‘ಇ’ ತೆಗೆದು ‘ಅರ್’ ಹಚ್ಚಿ ಗೆನ್ಸರ್ ಮಾಡಿಕೊಂಡರು. ಅವರ ಭಾಷೆಗೆ ‘ಅರ್’ ಬಾಲ ಒಗ್ಗುತ್ತದೆ. ಬಾಕರ್ ಅಂದರೆ ಬ್ರೆಡ್ ಸುಡುವವನು, ಫಿಸ್ಕರ್ ಅಂದರೆ ಮೀನು ಹಿಡಿಯುವವನು. ಆ ಸಾಲಲ್ಲಿ ಗೆನ್ಸರ್ ಸಲೀಸಾಗಿ ಕೂತುಬಿಟ್ಟಿತು. ಬಹುವಚನವೂ ಅದೇ ಜಾಡಿನಲ್ಲಿ, ಗೆನ್ಸರೆ. ತಮ್ಮ ಮನೆಯ ಮಗು ವೇಷ ಬದಲಿಸಿ ಬಂದಿದೆ, ಗುರುತು ಸಿಕ್ಕದೆ ಹೊಸ ಹೆಸರಿಟ್ಟಿದ್ದಾರೆ.

ಹೊರಗಿನ ಪದವನ್ನು ಹೀಗೆ ಒಗ್ಗಿಸಿಕೊಳ್ಳುವುದು ಇವರಿಗೆ ಹೊಸದಲ್ಲ. ಇಂಗ್ಲಿಷಿನ ‘ಕೇಕ್ಸ್’ ಇಲ್ಲಿ ‘ಹ್ಯೆಕ್ಸ್’ ಥರ ಕೇಳಿಸುವ ಒಂದು ಪದವಾಗಿದೆ. ಅರ್ಥ ಬಿಸ್ಕತ್ತು. ಅದೂ ಒಂದೇ ಬಿಸ್ಕತ್ತು.

ನಮ್ಮ ಗಂಜಿಫ್ರಾಕಿಗೂ ಇದಕ್ಕೂ ನಿಜವಾಗಿ ಸಂಬಂಧ ಇದೆಯಾ, ಅಥವಾ ಸುಮ್ನೆ ಹೇಳ್ತಿದೀರಾ?

ನಿಜವಾಗಿ ಇದೆ. ಇಡೀ ಕತೆಯಲ್ಲಿ ನನಗೆ ರೋಮಾಂಚನ ತಂದ ಜಾಗ ಇದೇ.

ಬನಿಯನ್ನಿಗೆ ಗಂಜಿಫ್ರಾಕು ಅನ್ನುವುದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ನಮ್ಮಜ್ಜ ಬೇರೆ ಪದ ಬಳಸಿದ್ದೇ ಇಲ್ಲ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಪಂಚೆ, ಗಂಜಿಫ್ರಾಕು, ಹೆಗಲ ಮೇಲೊಂದು ಟವೆಲ್. ಮಧ್ಯಾಹ್ನ ಬಂದವರೇ ಅದನ್ನು ಬಿಚ್ಚಿ ಅಂಗಳದ ತಂತಿಗೆ ಹಾಕುತ್ತಿದ್ದರು. ಅಡಿಕೆ ಚೊಗರಿನ ಕಲೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ನಾನು ಒಮ್ಮೆ ‘ಬನಿಯನ್’ ಅಂದಿದ್ದಕ್ಕೆ ‘ಪ್ಯಾಟೆ ಮಾತು ಕಲ್ತಾ’ ಅಂತ ನಕ್ಕಿದ್ದರು.

ಈ ಪದವನ್ನು ಬಿಡಿಸಿ: ಗಂಜಿ, ಫ್ರಾಕು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷಿನಲ್ಲಿ ನಾವಿಕರ ಹೆಣೆದ ಅಂಗಿಯ ಹೆಸರು ‘ಗರ್ನ್ಸಿ ಫ್ರಾಕ್’. ಅದೇ ಇದು. ಮರಾಠಿಯಲ್ಲೂ ಗಂಜಿಫ್ರಾಕ್ ಇದೆ. ಬಂಗಾಳಿಯಲ್ಲಿ ಗೆಂಜಿ, ಒಡಿಯಾ, ಹಿಂದಿ, ನೇಪಾಳಿಯಲ್ಲಿ ಗಂಜಿ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಅಷ್ಟು ಕಾಲ ಮುಂಬೈ ಜೊತೆ ಕೊಡುಕೊಳ್ಳುವಿಕೆ ಇದ್ದಲ್ಲಿ ಅಲ್ಲಿನ ಬಟ್ಟೆಯ ಪದಗಳು ಬಾರದೆ ಇರುತ್ತವೆಯೇ?

ಅಂದರೆ ನಾರ್ವೆಯ ಗೆನ್ಸರ್ ಮತ್ತು ನಮ್ಮಜ್ಜನ ಗಂಜಿ, ಒಂದೇ ದ್ವೀಪದ ಹೆಸರಿನ ಎರಡು ಮಕ್ಕಳು. ಒಂದು ಹಿಮದ ಕಡೆ ಹೋಯಿತು, ಇನ್ನೊಂದು ಸೆಕೆಯ ಕಡೆ.

ಗಂಜಿ ಹಾಕಿ ಇಸ್ತ್ರಿ ಮಾಡ್ತಿದ್ರು, ಅದಕ್ಕೇ ಗಂಜಿಫ್ರಾಕು ಅಲ್ವಾ?

ಅಲ್ಲ. ಹತ್ತರಲ್ಲಿ ಎಂಟು ಜನ ಇದನ್ನೇ ಹೇಳುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಂಚೆಗೆ, ಅಂಗಿಯ ಕಾಲರಿಗೆ ಗಂಜಿ ಹಾಕುತ್ತಿದ್ದರು, ಸರಿ. ಬನಿಯನ್ನಿಗೆ ಯಾರಾದರೂ ಗಂಜಿ ಹಾಕುತ್ತಾರಾ? ಮೈಗೆ ಅಂಟಿಕೊಂಡು ಬೆವರು ಹೀರಬೇಕಾದ ಬಟ್ಟೆ ಅದು. ಹಪ್ಪಳದ ಹಾಗೆ ನಿಂತರೆ ಏನು ಗತಿ. ಅರ್ಥ ತಿಳಿಯದ ಪರದೇಶಿ ಸದ್ದು ಬಂದಾಗ ನಾವು ಅದನ್ನು ಗೊತ್ತಿರುವ ಪದದ ಜೊತೆ ಜೋಡಿಸಿಕೊಳ್ಳುತ್ತೇವೆ. ಉಣ್ಣುವ ಗಂಜಿ ಬೇರೆ, ಅದು ನಮ್ಮದೇ ದ್ರಾವಿಡ ಪದ. ತೊಡುವ ಗಂಜಿ ಬೇರೆ.

ನಾರ್ವೆಯಲ್ಲಿ ‘ಸ’ ಬಂತು, ನಮ್ಮಲ್ಲಿ ‘ಜ’ ಬಂತು. ಯಾಕೆ?

ಇಂಗ್ಲಿಷರು ಆ ಪದವನ್ನು ಬರೆಯುವುದು ‘ಸ’ದಿಂದ, ಹೇಳುವುದು ಝೂ ಅನ್ನುವಾಗ ಬರುವ ಸದ್ದಿನಿಂದ. ಆ ಸದ್ದು ನಾರ್ವೆ ಭಾಷೆಯಲ್ಲಿ ಇಲ್ಲ, ಕನ್ನಡದಲ್ಲೂ ಮೂಲದಲ್ಲಿ ಇಲ್ಲ. ಇಬ್ಬರೂ ತಮ್ಮಲ್ಲಿ ಇದ್ದುದರಲ್ಲೇ ಹತ್ತಿರದ್ದನ್ನು ಹಾಕಿಕೊಂಡರು. ಅವರಿಗೆ ಸಿಕ್ಕಿದ್ದು ‘ಸ’. ನಮಗೆ ‘ಜ’. ಇವತ್ತಿಗೂ ನಮ್ಮ ಊರಿನ ಕಡೆ ‘ಪ್ರೈಜು’, ‘ಸೈಜು’ ಅನ್ನುತ್ತೇವೆ. ಗಂಜಿಯೂ ಅದೇ ಲೆಕ್ಕ. ನಡುವಿನ ‘ರ’ ಮಾತ್ರ ಎರಡೂ ಕಡೆ ಮಾಯ. ಇಂಗ್ಲೆಂಡಿನ ಕಡಲತೀರದ ಆಡುಮಾತಿನಲ್ಲೇ ಅದು ‘ಗಾನ್ಸಿ’ ಆಗಿತ್ತು.

ಸರಿ, ಗಂಡಸರ ಬನಿಯನ್ನಿಗೆ ‘ಫ್ರಾಕು’ ಯಾಕೆ ಬಂತು?

ಫ್ರಾಕ್ ಹುಟ್ಟಿನಿಂದ ಹುಡುಗಿಯರ ಉಡುಪಲ್ಲ. ಮೊದಲು ಅದು ಪಾದ್ರಿಗಳ ನಿಲುವಂಗಿ, ಆಮೇಲೆ ರೈತರು, ಕೂಲಿಯವರು, ನಾವಿಕರು ಮೇಲೆ ಹಾಕುವ ಸಡಿಲ ಅಂಗಿ. ಇಂಗ್ಲೆಂಡಿನ ಕಾರ್ನ್ವಾಲ್ ಕಡೆ ಮೀನುಗಾರರ ಗರ್ನ್ಸಿಯನ್ನು ‘ನಿಟ್ ಫ್ರಾಕ್’ ಅಂತಲೇ ಕರೆಯುತ್ತಿದ್ದರು. ಹೆಣೆದ ಫ್ರಾಕು. ಇಂಗ್ಲಿಷಿನಲ್ಲಿ ಆ ಅರ್ಥ ಸವೆದು ಹೋಯಿತು. ಶಿರಸಿ ಕಡೆಯ ಅಜ್ಜಂದಿರ ಬಾಯಲ್ಲಿ ಉಳಿಯಿತು.

ದಪ್ಪ ಉಣ್ಣೆ ಸ್ವೆಟರ್ ತೆಳ್ಳನೆ ಹತ್ತಿ ಬನಿಯನ್ ಆಗಿದ್ದು ಹೇಗೆ?

ಎರಡಕ್ಕೂ ಸಮಾನವಾದದ್ದು ಹೆಣಿಗೆ. ನಮ್ಮ ಪಂಚೆ, ಸೀರೆ, ಅಂಗಿ ಎಲ್ಲ ನೇಯ್ದ ಬಟ್ಟೆ. ಹಾಸು, ಹೊಕ್ಕು, ಮಗ್ಗ. ಬನಿಯನ್ ಹಾಗಲ್ಲ. ಹಳೇ ಬನಿಯನ್ ಇದ್ದರೆ ಬೆಳಕಿಗೆ ಹಿಡಿದು ಸ್ವಲ್ಪ ಎಳೆದು ನೋಡಿ, ಒಂದರೊಳಗೊಂದು ಸಿಕ್ಕಿಕೊಂಡ ಸಣ್ಣ ಸಣ್ಣ ಕುಣಿಕೆಗಳು ಕಾಣುತ್ತವೆ. ಸ್ವೆಟರಿನಲ್ಲೂ ಅವೇ ಕುಣಿಕೆ, ದೊಡ್ಡದಾಗಿ. ಎಳೆದರೆ ಹಿಗ್ಗುವುದು, ಮೈಗೆ ಹೊಂದಿಕೊಳ್ಳುವುದು ಅದರಿಂದಲೇ. ತೂತಾದರೆ ಸರ್ರನೆ ಬಿಚ್ಚಿಕೊಂಡು ಹೋಗುವುದೂ ಅದರಿಂದಲೇ. ಹೆಣೆದ ಮೇಲಂಗಿಗೆ ಇದ್ದ ಹೆಸರು ಹೆಣೆದ ಒಳಂಗಿಗೆ ಬಂತು. ನಮ್ಮ ಹವೆಗೆ ಉಣ್ಣೆ ಬೇಡವಾಗಿತ್ತು, ಹತ್ತಿ ಸಾಕಿತ್ತು.

ಬನಿಯನ್ ಅನ್ನೋದಾದರೂ ನಮ್ಮ ಪದವಾ?

ಅದರ ಕತೆ ಇನ್ನೂ ಮಜಾ ಇದೆ. ಗುಜರಾತಿಯಲ್ಲಿ ವ್ಯಾಪಾರಿಗೆ ವಾಣಿಯೋ, ಸಂಸ್ಕೃತದ ವಣಿಜನ ಮೊಮ್ಮಗ. ಪೋರ್ಚುಗೀಸರ, ಇಂಗ್ಲಿಷರ ಬಾಯಲ್ಲಿ ಬನಿಯನ್ ಆಯಿತು. ಮೊದಲು ಆ ವ್ಯಾಪಾರಿಗಳಿಗೆ, ಆಮೇಲೆ ಅವರು ಕೆಳಗೆ ಕೂತು ವ್ಯಾಪಾರ ಮಾಡುತ್ತಿದ್ದ ಆಲದ ಮರಕ್ಕೆ, ಆಮೇಲೆ ಅವರು ತೊಡುತ್ತಿದ್ದಂಥ ಸಡಿಲ ಅಂಗಿಗೆ. ಅದು ಇಂಗ್ಲೆಂಡಿಗೆ ಹೋಗಿ ಸಾಹುಕಾರರ ಮನೆಯಂಗಿಯಾಗಿ, ಕಡೆಗೆ ಒಳಂಗಿಯಾಗಿ ನಮ್ಮಲ್ಲಿಗೇ ಮರಳಿತು. ಅಂದರೆ ನಾರ್ವೆಯವರ ಗೆನ್ಸರ್‌ಗೆ ಆದದ್ದೇ ನಮ್ಮ ಬನಿಯನ್ನಿಗೂ ಆಗಿದೆ. ಊರು ಬಿಟ್ಟು ಹೋದ ಪದ ಇಂಗ್ಲಿಷ್ ಹಡಗು ಹತ್ತಿ ವಾಪಸ್ ಬಂತು. ನಮ್ಮಜ್ಜ ಪ್ಯಾಟೆ ಮಾತು ಅಂತ ನಕ್ಕ ಪದ ಈ ದೇಶದ್ದು, ನಮ್ಮದು ಅಂತ ಹಿಡಿದುಕೊಂಡಿದ್ದು ದ್ವೀಪದ್ದು!

ಜೆರ್ಸಿ ಹಸುವಿಗೂ ಕ್ರಿಕೆಟ್ ಜೆರ್ಸಿಗೂ ನಂಟಿದೆಯಾ?

ಇದೆ. ಎರಡೂ ಗರ್ನ್ಸಿಯ ಪಕ್ಕದ ದ್ವೀಪ ಜೆರ್ಸಿಯಿಂದ. ಅಲ್ಲಿನ ಹೆಣೆದ ಬಟ್ಟೆಗೂ ಅದೇ ಹೆಸರು, ಹಸುವಿನ ತಳಿಗೂ ಅದೇ ಹೆಸರು. ಗರ್ನ್ಸಿಗೂ ಸ್ವಂತ ಹಸು ತಳಿ ಇದೆ, ನಮ್ಮ ಡೈರಿಗಳಿಗೆ ಬಂದು ಹೆಸರು ಮಾಡಿದ್ದು ಮಾತ್ರ ಜೆರ್ಸಿ. ಅಮೆರಿಕದ ನ್ಯೂಜೆರ್ಸಿಗೆ 1664ರಲ್ಲಿ ಹೆಸರು ಬಿದ್ದಿದ್ದೂ ಈ ದ್ವೀಪದಿಂದಲೇ. ಅಲ್ಲಿರುವ ಕನ್ನಡಿಗರು ವಿಳಾಸ ಬರೆದಾಗಲೆಲ್ಲ ವೈಕಿಂಗರ ‘ದ್ವೀಪ’ವನ್ನೂ ಬರೆಯುತ್ತಿದ್ದಾರೆ.

ಬೇರೆ ಭಾಷೆಗಳಲ್ಲೂ ಗರ್ನ್ಸಿ ಉಳಿದಿದೆಯಾ?

ಐರಿಷ್ ಭಾಷೆಯಲ್ಲಿ ಸ್ವೆಟರ್‌ಗೆ ‘ಗ್ಯಾನ್ಸಿ’ ಅನ್ನುತ್ತಾರೆ. ಸ್ಕಾಟ್ಲೆಂಡಿನ ಗೇಲಿಕ್‌ನಲ್ಲೂ ಹಾಗೇ. ಆಸ್ಟ್ರೇಲಿಯಾದಲ್ಲಿ ಅವರ ಫುಟ್ಬಾಲ್ ಆಟಗಾರರ ತೋಳಿಲ್ಲದ ಅಂಗಿಗೆ ಗರ್ನ್ಸಿ ಅನ್ನುವ ಹೆಸರು. ‘ಅವನಿಗೆ ಗರ್ನ್ಸಿ ಸಿಕ್ಕಿತು’ ಅಂದರೆ ತಂಡಕ್ಕೆ ಆಯ್ಕೆಯಾದ ಅಂತ. ನೋಡಿ, ಅಲ್ಲೂ ಉಣ್ಣೆ ಹೋಯಿತು, ತೋಳೂ ಹೋಯಿತು, ಹೆಸರು ಉಳಿಯಿತು.

ಸ್ವೀಡನ್, ಡೆನ್ಮಾರ್ಕ್‌ನವರೂ ಗೆನ್ಸರ್ ಅಂತಾರಾ?

ಇಲ್ಲ. ಸ್ವೀಡನ್‌ನವರು ‘ತ್ರೋಯ’ ಅನ್ನುತ್ತಾರೆ. ಡೆನ್ಮಾರ್ಕ್‌ನವರಿಗೆ ‘ಸ್ವೆಟರ್’, ಐಸ್‌ಲ್ಯಾಂಡಿನವರಿಗೆ ‘ಪೇಯ್ಸಾ’. ಗೆನ್ಸರ್ ನಾರ್ವೆಯವರ ಗುರುತು.

ಗೆನ್ಸರ್ ಬರೋಕೆ ಮುಂಚೆ ನಾರ್ವೆಯಲ್ಲಿ ಏನನ್ನುತ್ತಿದ್ದರು? ವೈಕಿಂಗರು ಸ್ವೆಟರ್ ಹಾಕ್ತಿದ್ರಾ?

ವೈಕಿಂಗರ ಕಾಲಕ್ಕೆ ಕಡ್ಡಿ ಹೆಣಿಗೆ ಇಲ್ಲಿಗೆ ಬಂದೇ ಇರಲಿಲ್ಲ. ಅವರದು ನೇಯ್ದ ಉಣ್ಣೆ ಬಟ್ಟೆ, ಜೊತೆಗೆ ಒಂದೇ ಸೂಜಿಯಲ್ಲಿ ಗಂಟು ಹಾಕುತ್ತಾ ಮಾಡುವ ಕೈಗವಸು, ಕಾಲುಚೀಲ. 2011ರಲ್ಲಿ ಲೆಂಡ್‌ಬ್ರೇನ್ ಅನ್ನುವ ಕಡೆ ಹಿಮ ಕರಗಿದಾಗ ಸುಮಾರು 1,700 ವರ್ಷ ಹಳೆಯ ಅಂಗಿಯೊಂದು ಸಿಕ್ಕಿತು. ಅದೂ ನೇಯ್ದದ್ದೇ. ಸಿನಿಮಾದಲ್ಲಿ ವೈಕಿಂಗನಿಗೆ ದಪ್ಪ ಸ್ವೆಟರ್ ತೊಡಿಸಿದ್ದು ಕಂಡರೆ ನಕ್ಕುಬಿಡಿ.

ಹೆಣಿಗೆ ಬಂದ ಮೇಲೆ ‘ತ್ರೋಯೆ’ ಅನ್ನುವ ಪದ ಬಳಕೆಯಲ್ಲಿತ್ತು. ಈಗ ಅದು ಹೆಚ್ಚಾಗಿ ಒಳಂಗಿಗೆ, ಆಟದ ಅಂಗಿಗೆ. ಮೀನುಗಾರರ ಒಂದು ಬಗೆಯ ದಪ್ಪ ಸ್ವೆಟರ್‌ಗೆ ‘ಈಸ್ಲೆಂಡರ್’ ಅನ್ನುತ್ತಾರೆ, ಅಂದರೆ ಐಸ್‌ಲ್ಯಾಂಡಿನವನು. ಅದೂ ದ್ವೀಪದ ಹೆಸರೇ! ಚಳಿಗೆ ಏನೇ ಬೇಕಾದರೂ ದ್ವೀಪದವರನ್ನೇ ಕೇಳಬೇಕು ಅನ್ನಿಸುತ್ತದೆ.

ಗೆನ್ಸರ್‌ಗೂ ಕೊಫ್ತೆಗೂ ಏನು ವ್ಯತ್ಯಾಸ?

ಕೊಫ್ತೆ ಅಂದರೆ ಸಾಮಾನ್ಯವಾಗಿ ಮುಂದೆ ಗುಂಡಿ ಅಥವಾ ಕೊಂಡಿ ಇರುವುದು. ಹೋಟೆಲಿನ ಮಲಾಯ್ ಕೋಫ್ತಾ ಬೇರೆ. ಅದು ಪಾರ್ಸಿಯ ‘ಕುಟ್ಟು’ ಅನ್ನುವ ಪದದಿಂದ ಬಂದದ್ದು, ಅದಕ್ಕೂ ಇದಕ್ಕೂ ಹೆಸರಿನ ಹೋಲಿಕೆ ಅಷ್ಟೇ.

ಕೊಫ್ತೆಗಳಲ್ಲಿ ಹೆಸರಾದದ್ದು ದಕ್ಷಿಣದ ಸೇತೆಸ್‌ದಾಲ್ ಕಣಿವೆಯ ‘ಲೂಸೆಕೊಫ್ತೆ’. ‘ಲೂಸ್’ ಅಂದರೆ ಹೇನು! ಕಪ್ಪು ಉಣ್ಣೆಯ ಮೇಲೆ ಸಾಲಾಗಿ ಬಿಳಿ ಚುಕ್ಕೆ, ನೋಡಿದರೆ ಹೇನು ಹರಿದಾಡಿದ ಹಾಗೆ. ಪ್ರವಾಸಿಗಳು ಸಾವಿರಾರು ಕ್ರೋನರ್ ಕೊಟ್ಟು ಕೊಂಡು ಹೋಗುವ ಉಡುಪಿನ ಹೆಸರು ‘ಹೇನಿನ ಅಂಗಿ’. ಹಳ್ಳಿಯವರು ಹೆಸರಿಡುವುದೇ ಹಾಗೆ, ಅಲಂಕಾರ ಇಲ್ಲ.

ಕೆಂಪು, ಬಿಳಿ, ನೀಲಿಯ ಆ ಪ್ರಸಿದ್ಧ ಸ್ವೆಟರ್ ಯಾವುದು?

ಮಾರಿಯುಸ್ ಗೆನ್ಸರ್. ಉನ್ ಸೋಯ್‌ಲಾಂಡ್ ಅನ್ನುವ ವಿನ್ಯಾಸಗಾರ್ತಿ 1953ರಲ್ಲಿ ಮಾಡಿದ್ದು, ಸೇತೆಸ್‌ದಾಲ್ ಕೊಫ್ತೆಯ ಚಿತ್ತಾರವನ್ನು ನೋಡಿ. ಬಣ್ಣ ನಾರ್ವೆ ಬಾವುಟದ್ದು. ಹೆಸರು ಮಾರಿಯುಸ್ ಎರಿಕ್ಸೆನ್ ಅನ್ನುವ ಸ್ಕೀ ಆಟಗಾರನದು. ಯುದ್ಧಕಾಲದಲ್ಲಿ ಆತ ವಿಮಾನ ಚಾಲಕನೂ ಹೌದು. ಈಸ್ಟರ್ ರಜೆಯಲ್ಲಿ ಬೆಟ್ಟದ ಮೇಲಿನ ಮರದ ಮನೆಗೆ ಹೋದರೆ ಕಾಫಿ ಹಿಡಿದು ಹೊರಗೆ ಬಿಸಿಲಿಗೆ ಕೂತವರಲ್ಲಿ ಒಬ್ಬರಾದರೂ ಇದನ್ನು ಹಾಕಿರುತ್ತಾರೆ. ಸಾಂಪ್ರದಾಯಿಕ ಅಂತ ಅಂದುಕೊಂಡವರೇ ಜಾಸ್ತಿ. ವಯಸ್ಸು ನಮ್ಮ ರಾಜ್ಯ ಒಂದಾಗಿದ್ದಕ್ಕಿಂತ ಮೂರೇ ವರ್ಷ ಹೆಚ್ಚು.

ಕಡಲಲ್ಲಿ ಸತ್ತವರನ್ನು ಸ್ವೆಟರಿನ ಚಿತ್ತಾರ ನೋಡಿ ಗುರುತು ಹಿಡೀತಿದ್ರಂತೆ, ಹೌದಾ?

ಅಂಗಡಿಯವರು ಹೇಳುವ ಕತೆ ಅದು. ಊರೂರಿಗೂ ಒಂದೊಂದೇ ಚಿತ್ತಾರ ಅಂತ ಕಟ್ಟುನಿಟ್ಟು ಇರಲಿಲ್ಲ. ಮೀನಿನ ಹಿಂದೆ ಬಂದರಿನಿಂದ ಬಂದರಿಗೆ ಹೋಗುತ್ತಿದ್ದ ಕೂಲಿ ಹೆಣ್ಣುಮಕ್ಕಳು ಕೈ ಬಿಡುವಾದಾಗ ಹೆಣೆಯುತ್ತಿದ್ದರು. ಒಬ್ಬಳ ಚಿತ್ತಾರ ಇನ್ನೊಬ್ಬಳು ಕಲಿಯುತ್ತಿದ್ದಳು. ಆದರೆ ಹೆಂಡತಿ ತಾನು ಹೆಣೆದ ಅಂಗಿಯನ್ನು ಗುರುತಿಸುವುದು ಬೇರೆ ಮಾತು. ಅಂಚಿನಲ್ಲಿ ಹೆಸರಿನ ಅಕ್ಷರ ಹೆಣೆದ ಅಂಗಿಗಳೂ ಇವೆ.

ನಾರ್ವೆಯ ‘ಉಲ್’ ಮತ್ತು ಕನ್ನಡದ ‘ಉಣ್ಣೆ’ ಒಂದೇನಾ?

ದೂರದ ನೆಂಟರು. ಇದು ಗಂಜಿ, ಗೆನ್ಸರ್‌ಗಿಂತ ಬಹಳ ಹಳೆಯ ನಂಟು. ಸಂಸ್ಕೃತದ ಊರ್ಣಾ ಪ್ರಾಕೃತದಲ್ಲಿ ಉಣ್ಣಾ ಆಗಿ ನಮಗೆ ಬಂದು ಉಣ್ಣೆ ಆಯಿತು. ಅದೇ ಬೇರಿನ ಪದ ಯುರೋಪಿನ ಕಡೆ ಇಂಗ್ಲಿಷಿನ ‘ವುಲ್’, ನಾರ್ವೆಯ ‘ಉಲ್’ ಆಯಿತು. ಇಲ್ಲಿ ‘ನ’ಕಾರ ಕರಗಿ ‘ಲ’ಕಾರ ಎರಡಾಯಿತು, ಅಲ್ಲಿ ‘ರ’ಕಾರ ಕರಗಿ ‘ಣ’ಕಾರ ಎರಡಾಯಿತು. ಅಂದರೆ ನಾವು ‘ಉಲ್ಲನ್ ಸ್ವೆಟರ್’ ಅನ್ನುವಾಗ ಬಿಟ್ಟುಕೊಟ್ಟಿದ್ದು ಉಣ್ಣೆಯ ಸೋದರನಿಗೇ.

ನಾರ್ವೆಗೆ ಬರ್ತಿದೀನಿ. ಗೆನ್ಸರ್ ಕೊಳ್ಳುವಾಗ ಏನು ನೋಡಬೇಕು?

ಒಳಗಿನ ಚೀಟಿ. ‘ಉಲ್’ ಎಷ್ಟು ಪಾಲು ಅಂತ ಬರೆದಿರುತ್ತದೆ. ಪ್ರವಾಸಿ ಅಂಗಡಿಗಳಲ್ಲಿ ಚಿತ್ತಾರ ನಾರ್ವೆಯದು, ನೂಲು ಅಕ್ರಿಲಿಕ್ ಇರುತ್ತದೆ. ಬರಿ ಮೈ ಮೇಲೆ ಹಾಕಬೇಡಿ, ಚುಚ್ಚುತ್ತದೆ. ಒಳಗೆ ತೆಳ್ಳನೆಯ ‘ಉಲ್‌ತ್ರೋಯೆ’ ಇರಲಿ. ಅಂದರೆ ಉಣ್ಣೆಯ ಗಂಜಿಫ್ರಾಕು.

ಒಗೆಯೋದು ಹೇಗೆ?

ಆದಷ್ಟೂ ಒಗೆಯಬೇಡಿ. ರಾತ್ರಿ ಹೊರಗೆ ಗಾಳಿಗೆ ಹಾಕಿದರೆ ವಾಸನೆ ಹೋಗುತ್ತದೆ. ಒಗೆಯಲೇಬೇಕಾದರೆ ತಣ್ಣೀರು, ಉಣ್ಣೆಯ ಸೋಪು. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಮಲಗಿಸಿ ಒಣಗಿಸಿ. ಬಿಸಿನೀರು, ತಿರುಗಾಟ ಎರಡೂ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ, ಮತ್ತೆ ಬಿಡುವುದಿಲ್ಲ. ಉಣ್ಣೆ ಬಟ್ಟೆಯನ್ನು ಬೇಕೆಂದೇ ಹಾಗೆ ಬಿಗಿ ಮಾಡುವವರೂ ಇದ್ದಾರೆ. ನಾನು ಬೇಡದೆ ಮಾಡಿದೆ. ಬಂದ ಮೊದಲ ಚಳಿಗಾಲದಲ್ಲಿ, ಅಜ್ಜನ ಗಂಜಿಫ್ರಾಕನ್ನು ಅಮ್ಮ ಬಿಸಿನೀರಲ್ಲಿ ನೆನೆಸುತ್ತಿದ್ದುದು ನೆನಪಾಗಿ, ಹೊಸ ಗೆನ್ಸರನ್ನು 60 ಡಿಗ್ರಿಗೆ ಮಷಿನ್‌ಗೆ ಹಾಕಿದೆ. ಹೊರಗೆ ಬಂದಾಗ ನಾಲ್ಕು ವರ್ಷದ ಮಗುವಿನ ಅಳತೆಯಾಗಿತ್ತು. ಪಕ್ಕದ ಮನೆಯ ಅಜ್ಜಿ ಅದನ್ನು ಕತ್ತರಿಸಿ ಎರಡು ಜೊತೆ ಕೈಗವಸು ಹೊಲಿದು ಕೊಟ್ಟರು. ಏಳು ಚಳಿಗಾಲ ಕಳೆದರೂ ಇನ್ನೂ ಸವೆದಿಲ್ಲ.